ಕುರಿ ಸತ್ತರೆ ಐದು ಸಾವಿರ, ಮನುಷ್ಯ ಸತ್ತರೆ?

ನವಲಿಗೆ ಹೋಗಿ ‘ಪರಿಹಾರ’ ಅಂತ ಒಂದು ಮಾತು ಆಡಿ ನೋಡಿ. ಕಟ್ಟೆ ಮೇಲೆ ಕೂತವರೆಲ್ಲ ನಿಮ್ಮ ಕಡೆ ತಿರುಗ್ತಾರೆ. ಅಲ್ಲಿಯವರ ಮಟ್ಟಿಗೆ ಆ ಮಾತಿಗೆ ಒಂದೇ ಅರ್ಥ, ಹೊಲ ಮುಳುಗಿದರೆ ಎಕರೆಗೆ ಎಷ್ಟು ಅನ್ನೋದು. ತುಂಗಭದ್ರಾ ಜಲಾಶಯ 1953ರಲ್ಲಿ ಕಟ್ಟಿ ಮುಗಿದಾಗ 133 ಟಿಎಂಸಿ ನೀರು ಹಿಡಿಯುತ್ತಿತ್ತು. ಹೂಳು ತುಂಬಿ ತುಂಬಿ ಈಗ 105 ಟಿಎಂಸಿ ಆಸುಪಾಸಿಗೆ ಇಳಿದಿದೆ. ಕಳೆದುಹೋದ ಆ ನೀರಿಗೆ ಜಾಗ ಮಾಡಲು ನವಲಿ ಹತ್ತಿರ ಸಮತೋಲನ ಜಲಾಶಯ ಕಟ್ಟುತ್ತೇವೆ ಅಂತ ಒಂದಾದ ಮೇಲೊಂದು ಸರ್ಕಾರ ಹೇಳುತ್ತಲೇ ಇದೆ. ಆ ಸುದ್ದಿಗೇ ನಾನೂ ಕ್ಯಾಮೆರಾ ಹೊತ್ತವರನ್ನು ಕರೆದುಕೊಂಡು ಹೋಗಿದ್ದೆ. ನವಲಿ ನನ್ನ ತಾಯಿಯ ತವರು. ಭೋಗಾಪುರೇಶನ ಗುಡಿ ಮುಂದೆ ಗೋಲಿ ಆಡಿದವನು ನಾನು.

ರೈತರ ಮಾತೆಲ್ಲ ರೆಕಾರ್ಡ್ ಆಯ್ತು. ವೈರು ಸುತ್ತುತ್ತಿದ್ದಾಗ ಸೋದರಮಾವನ ಮಗ ಬಂದು, ‘ಒಬ್ಬಾಕಿ ಜೋಡಿ ಎರಡು ಮಾತಾಡಬೇಕು ಬಾ, ಕ್ಯಾಮೆರಾ ಬ್ಯಾಡ’ ಅಂದ. ಪಕ್ಕದ ಹಳ್ಳಿ. ತಗಡಿನ ಮನೆ. ಒಳಗೆ ಐವತ್ತರ ಹತ್ತಿರದ ಹೆಣ್ಣುಮಗಳು. ಗಂಡ ಕುರಿಗಾರ. ಎರಡು ವರ್ಷದ ಹಿಂದೆ, ಭತ್ತ ಕೊಯ್ದ ಗದ್ದೆಯಲ್ಲಿ ಹಟ್ಟಿ ಹಾಕಿಕೊಂಡು ಮಲಗಿದ್ದಾಗ, ರಾತ್ರಿ ಕುರಿ ಕಳ್ಳರು ಬಂದಿದ್ದಾರೆ. ಈತ ಎದ್ದು ಅಡ್ಡ ನಿಂತಿದ್ದಾನೆ. ಬೆಳಿಗ್ಗೆ ಹೆಣ ಸಿಕ್ಕಿತು, ಕುರಿ ಸಿಗಲಿಲ್ಲ. ಕಳ್ಳರೂ ಸಿಗಲಿಲ್ಲ. ಪೊಲೀಸರು ಕಡೆಗೆ ‘ಸಿ ರಿಪೋರ್ಟ್’ ಹಾಕಿದರು. ಕೋರ್ಟು ಕಚೇರಿ ಅಲೆದವರಿಗೆ ಈ ಮಾತು ಗೊತ್ತಿರುತ್ತೆ. ಅಪರಾಧ ನಡೆದದ್ದು ನಿಜ, ಮಾಡಿದವರು ಪತ್ತೆಯಾಗಿಲ್ಲ ಅಂತ ಬರೆದು ಕಡತ ಕಟ್ಟಿಡುವುದು.

‘ಪರಿಹಾರ ಏನಾರ ಬಂತೇನು ಯಕ್ಕಾ?’ ಅಂತ ಕೇಳಿದೆ.

‘ಕುರಿ ಸತ್ರ ಐದ್ ಸಾವ್ರ ಕೊಡ್ತಾರಂತ ಗೊತ್ತಿತ್ತು ತಮ್ಮಾ. ಮನ್ಷಾ ಸತ್ರ ಕೊಡ್ತಾರಂತ ಯಾರೂ ಹೇಳ್ಲಿಲ್ಲ. ನಮ್ ಮನಿಯಾವ್ರು ಟೀವ್ಯಾಗ ಬರ್ಲಿಲ್ಲಲ್ಲ.’

ಆಕೆ ಹೇಳಿದ ಐದು ಸಾವಿರ ಅನುಗ್ರಹ ಯೋಜನೆಯಲ್ಲಿ ಆಗ ಕೊಡುತ್ತಿದ್ದ ಮೊತ್ತ. ರೋಗ ಬಂದೋ ಆಕಸ್ಮಿಕವಾಗಿಯೋ ಕುರಿ, ಮೇಕೆ ಸತ್ತರೆ ಕುರಿಗಾರನಿಗೆ ರಾಜ್ಯ ಸರ್ಕಾರ ಹಣ ಕೊಡುವ ಯೋಜನೆ. ಒಳ್ಳೆಯ ಯೋಜನೆಯೇ. ನನ್ನನ್ನು ಚುಚ್ಚಿದ್ದು ಆಕೆಯ ಕೊನೆಯ ಮಾತು. ಅದರಲ್ಲಿ ಸಿಟ್ಟಿರಲಿಲ್ಲ, ವ್ಯಂಗ್ಯವೂ ಇರಲಿಲ್ಲ. ಟೀವಿಯಲ್ಲಿ ಬಂದರೆ ಪರಿಹಾರ, ಬರದಿದ್ದರೆ ಇಲ್ಲ ಅನ್ನೋದು ಆಕೆಗೆ ಮಳೆ ಬಂದರೆ ಬೆಳೆ ಅಂದಷ್ಟೇ ಸಹಜ. ಇಪ್ಪತ್ತು ವರ್ಷದಿಂದ ಟೀವಿಯಲ್ಲಿ ಕೂತಿರುವವನು ನಾನು. ವಾಪಸ್ ಬರುವಾಗ ಕಾರಿನಲ್ಲಿ ನನಗೆ ಮಾತು ಹೊರಡಲಿಲ್ಲ.

ನಮ್ಮ ಕಡೆ ಊರ ಅಗಸೆ ಹತ್ತಿರ, ಗುಡಿ ಹಿಂದೆ, ಹೊಲದ ಬದುವಿನಲ್ಲಿ ವೀರಗಲ್ಲು ನೋಡಿರ್ತೀರಿ. ಕೆಲವು ಕಡೆ ಎಣ್ಣೆ ಹಚ್ಚಿ ಪೂಜೆ ಮಾಡ್ತಾರೆ, ಕೆಲವು ಕಡೆ ಬಟ್ಟೆ ಒಗೀತಾರೆ. ಕೆಳಗಿನ ಹಂತದಲ್ಲಿ ಕಾದಾಟ, ನಡುವೆ ಅಪ್ಸರೆಯರು ಸತ್ತವನನ್ನು ಎತ್ತಿಕೊಂಡು ಹೋಗುವ ಚಿತ್ರ, ಮೇಲೆ ಶಿವಲಿಂಗದ ಮುಂದೆ ಕೂತ ವೀರ. ಶಾಲೆಯಲ್ಲಿ ನಮಗೆ ಹೇಳಿಕೊಟ್ಟದ್ದು, ಇವರೆಲ್ಲ ಯುದ್ಧದಲ್ಲಿ ಸತ್ತ ಸೈನಿಕರು ಅಂತ. ಆದರೆ ಶಾಸನ ಓದಿದವರನ್ನು ಕೇಳಿ. ಬಹಳಷ್ಟು ಕಲ್ಲುಗಳಲ್ಲಿ ರಾಜರ ಯುದ್ಧವೇ ಇಲ್ಲ. ‘ತುರುಗೊಳ್’ ಅಂತಿದೆ, ಅಂದರೆ ದನದ ಹಿಂಡನ್ನು ಕಳ್ಳರು ಹೊಡೆದುಕೊಂಡು ಹೋಗುವುದು. ‘ಪೆಣ್ಬುಯ್ಯಲ್’ ಅಂತಿದೆ, ಹೆಣ್ಣುಮಕ್ಕಳ ಮೇಲೆ ಕೈಮಾಡಿದಾಗ ಎದ್ದ ಹುಯಿಲು. ‘ಊರಳಿವು’ ಅಂತಿದೆ, ಊರಿಗೆ ನುಗ್ಗಿ ಹಾಳು ಮಾಡುವುದು. ಇವತ್ತಿನ ಭಾಷೆಯಲ್ಲಿ ಹೇಳಿದರೆ ದರೋಡೆ, ಹಲ್ಲೆ, ಅತ್ಯಾಚಾರ, ಕೊಲೆ. ಒಂದು ಲೆಕ್ಕದಲ್ಲಿ ನಮ್ಮ ವೀರಗಲ್ಲುಗಳು ಕಲ್ಲಿನ ಮೇಲೆ ಬರೆದ ಎಫ್‌ಐಆರ್.

ಎಫ್‌ಐಆರ್ ಅಷ್ಟೇ ಅಲ್ಲ, ಪರಿಹಾರದ ಆದೇಶವೂ ಅಲ್ಲೇ ಇದೆ. ಹೀಗೆ ಹೋರಾಡಿ ಸತ್ತವನ ಮನೆಯವರಿಗೆ ಅರಸನೋ ಊರ ಒಡೆಯನೋ ಭೂಮಿ ಬಿಟ್ಟುಕೊಡುತ್ತಿದ್ದ. ಅದಕ್ಕೆ ನಮ್ಮ ಹಿರಿಯರು ಇಟ್ಟ ಹೆಸರು ಕೇಳಿ: ‘ನೆತ್ತರುಗೊಡಗೆ’. ಹರಿದ ನೆತ್ತರಿಗೆ ಕೊಟ್ಟ ಕೊಡುಗೆ. ‘ಬಾಳ್ಗಚ್ಚು’ ಅಂತ ಇನ್ನೊಂದಿತ್ತು, ವೀರನ ಕತ್ತಿ ತೊಳೆದು ಕೊಡುವ ಭೂಮಿ. ‘ಕಲ್ನಾಡು’ ಅಂತ ಮತ್ತೊಂದು, ಕಲ್ಲು ನೆಟ್ಟು ಬಿಟ್ಟುಕೊಟ್ಟ ನಾಡು. ಎಷ್ಟು ಮತ್ತರು, ಎಷ್ಟು ಕಂಡುಗ ಬಿತ್ತುವ ನೆಲ, ಯಾವ ಕೆರೆಯ ಕೆಳಗೆ, ಇದೆಲ್ಲ ಕಲ್ಲಿನ ಮೇಲೆ. ಇದನ್ನು ಕಿತ್ತುಕೊಂಡವನಿಗೆ ಕಾಶಿಯಲ್ಲಿ ಗೋವು ಕೊಂದ ಪಾಪ ಬರಲಿ ಅಂತ ಶಾಪ ಬೇರೆ. ಸರ್ಕಾರ ಬದಲಾದರೂ ಆದೇಶ ಬದಲಾಗದ ಹಾಗೆ ಮಾಡಿದ ವ್ಯವಸ್ಥೆ ಅದು. ಮದ್ದೂರು ತಾಲ್ಲೂಕಿನ ಆತಕೂರಿನಲ್ಲಿ ಹತ್ತನೇ ಶತಮಾನದಲ್ಲಿ ಹಂದಿಯ ಜೊತೆ ಕಾದಾಡಿ ಸತ್ತ ಕಾಳಿ ಅನ್ನೋ ನಾಯಿಗೂ ಕಲ್ಲು ನೆಟ್ಟು, ಆ ಕಲ್ಲಿನ ಪೂಜೆಗೆ ಭೂಮಿ ಬಿಟ್ಟರು. ಆ ಕಲ್ಲು ಈಗ ಬೆಂಗಳೂರಿನ ಮ್ಯೂಸಿಯಂನಲ್ಲಿದೆ. ಕಬ್ಬನ್ ಪಾರ್ಕ್ ಕಡೆ ಹೋದರೆ ಒಮ್ಮೆ ನೋಡಿ ಬನ್ನಿ.

ಹಾಗಾದರೆ ನಮ್ಮ ಹೆಣ್ಣುಮಗಳ ಗಂಡ ಸಾವಿರ ವರ್ಷ ಮೊದಲು ಹುಟ್ಟಿದ್ದರೆ? ಕುರಿ ಕಾಯುತ್ತಾ ಕಳ್ಳರ ಕೈಯಲ್ಲಿ ಸತ್ತ. ತುರುಗೊಳ್ ಕಾಳಗವೇ ಅದು. ಬಹುಶಃ ಅವನಿಗೊಂದು ಕಲ್ಲು, ಅವಳಿಗೊಂದು ಹೊಲ ಸಿಗುತ್ತಿತ್ತು.

ಇಲ್ಲಿ ನಾನು ಸ್ವಲ್ಪ ನಿಲ್ಲಬೇಕು. ಹಳೆಯದೆಲ್ಲ ಹೊನ್ನು ಅಂತ ಹೇಳೋದು ನಮ್ಮ ಟೀವಿಯವರ ಚಾಳಿ. ನೆತ್ತರುಗೊಡಗೆ ಯಾರಿಗೆ ಸಿಕ್ಕಿತು ನೋಡಿ. ಎದೆಯೊಡ್ಡಿ ಕಾದಾಡಿದವನಿಗೆ ಸಿಕ್ಕಿತು. ಮಲಗಿದ್ದಲ್ಲೇ ಕೊಲೆಯಾದವನಿಗೆ ಕಲ್ಲು ಎಲ್ಲಿದೆ? ಹುಯಿಲಿಟ್ಟ ಆ ಹೆಣ್ಣುಮಗಳ ಹೆಸರು ಎಷ್ಟು ಕಲ್ಲಿನ ಮೇಲಿದೆ? ಅವಳಿಗಾಗಿ ಸತ್ತವನ ಹೆಸರಿದೆ. ಕೊಟ್ಟದ್ದು ಅನ್ಯಾಯಕ್ಕೆ ಪರಿಹಾರ ಅಂತಲ್ಲ, ಶೌರ್ಯಕ್ಕೆ ಬಹುಮಾನ ಅಂತ. ಕೊಡುವ ಒಡೆಯನಿಗೂ ಅದರಿಂದ ಲಾಭವಿತ್ತು. ನಾಳೆ ಇನ್ನೊಬ್ಬ ಅವನ ಗಡಿ ಕಾಯಲು ಎದೆಯೊಡ್ಡುತ್ತಾನೆ. ಈ ಮಾತು ನೆನಪಿಟ್ಟುಕೊಳ್ಳಿ, ಆಮೇಲೆ ಬೇಕಾಗುತ್ತೆ.

ಶೌರ್ಯವನ್ನು ಕೇಳದೆ ಕೊಟ್ಟ ಕಾನೂನು ಹಳೆಯ ಕಾಲದಲ್ಲಿ ಇರಲೇ ಇಲ್ಲವಾ? ಇತ್ತು. ಸುಮಾರು 3,750 ವರ್ಷದ ಹಿಂದೆ ಬ್ಯಾಬಿಲೋನಿನ ಹಮ್ಮುರಬಿ ಕಲ್ಲಿನ ಮೇಲೆ ಕೆತ್ತಿಸಿದ ಕಾನೂನಿನಲ್ಲಿ ಒಂದು ಮಾತಿದೆ. ದರೋಡೆಕೋರ ಸಿಗದಿದ್ದರೆ ಕಳೆದುಹೋದದ್ದನ್ನು ಆ ಊರು ಮತ್ತು ಅದರ ಅಧಿಕಾರಿ ತುಂಬಿಕೊಡಬೇಕು. ಜೀವವೇ ಹೋಗಿದ್ದರೆ ಸತ್ತವನ ಕಡೆಯವರಿಗೆ ಒಂದು ಮಿನಾ, ಅಂದರೆ ಸುಮಾರು ಅರ್ಧ ಕಿಲೋ ಬೆಳ್ಳಿ ಕೊಡಬೇಕು. ನಮ್ಮ ಕೌಟಿಲ್ಯನೂ ಅರ್ಥಶಾಸ್ತ್ರದಲ್ಲಿ, ಕಳವಾದ ಸೊತ್ತನ್ನು ರಾಜ ಹುಡುಕಿ ಕೊಡಬೇಕು, ಆಗದಿದ್ದರೆ ತನ್ನ ಕೈಯಿಂದ ಕೊಡಬೇಕು ಅನ್ನುತ್ತಾನೆ. ತರ್ಕ ಬಹಳ ಸರಳ. ಕಂದಾಯ ತಗೊಂಡಿದ್ದೀಯಲ್ಲಪ್ಪಾ, ಕಾಯೋದು ನಿನ್ನ ಕೆಲಸ, ಕಾಯಲಿಲ್ಲ, ಈಗ ಕಟ್ಟಿಕೊಡು. ಸಿ ರಿಪೋರ್ಟಿಗೆ ಇದಕ್ಕಿಂತ ಚೆನ್ನಾದ ಉತ್ತರ ನನಗೆ ಗೊತ್ತಿಲ್ಲ.

ಈ ತರ್ಕ ನಡುವೆ ಎಲ್ಲೋ ಕಳೆದುಹೋಯಿತು. ಅಪರಾಧ ಅಂದರೆ ರಾಜನ ವಿರುದ್ಧ ಮಾಡಿದ್ದು ಅನ್ನೋ ಮಾತು ಗಟ್ಟಿಯಾದ ಹಾಗೆ ದಂಡದ ದುಡ್ಡು ರಾಜನ ಬೊಕ್ಕಸ ಸೇರಿತು. ಸತ್ತವನ ಹೆಂಡತಿ ಬರೀ ಸಾಕ್ಷಿಯಾದಳು. ಬಂಗಾಳದಲ್ಲಿ ಕಂಪನಿ ಸರ್ಕಾರ ಬಂದಾಗ ಅಲ್ಲಿ ನಡೆಯುತ್ತಿದ್ದ ಇಸ್ಲಾಮಿ ಅಪರಾಧ ಕಾನೂನಿನಲ್ಲಿ ಸತ್ತವನ ವಾರಸುದಾರರಿಗೆ ಮಾತಿತ್ತು. ಅವರು ರಕ್ತದ ಹಣ ತಗೊಂಡು ಕೊಲೆಗಾರನನ್ನು ಕ್ಷಮಿಸಬಹುದಿತ್ತು. ಕಾರ್ನ್‌ವಾಲಿಸ್ 1790ರ ದಶಕದ ಆರಂಭದಲ್ಲಿ ಅದನ್ನು ತೆಗೆದು ಹಾಕಿದ. ತೆಗೆದದ್ದರಲ್ಲಿ ನ್ಯಾಯವಿತ್ತು, ಇಲ್ಲದಿದ್ದರೆ ದುಡ್ಡಿದ್ದವನು ಕೊಲೆ ಮಾಡಿ ದುಡ್ಡು ಎಸೆದು ಮನೆಗೆ ಹೋಗುತ್ತಿದ್ದ. ಆದರೆ ಕೆಟ್ಟ ನೀರು ಚೆಲ್ಲುವಾಗ ಕೊಡವನ್ನೇ ಒಡೆದ ಹಾಗಾಯ್ತು. ಕ್ಷಮಿಸುವ ಅಧಿಕಾರ ಹೋಗಲಿ, ಆ ಮನೆಯವರ ಹೊಟ್ಟೆಗೆ ಏನು ಅಂತ ಯಾರೂ ಕೇಳಲಿಲ್ಲ. ನಮ್ಮ ಕೊಪ್ಪಳ ಆಗ ಹೈದರಾಬಾದ್ ಸಂಸ್ಥಾನದಲ್ಲಿ ಸಾಲಾರ್ ಜಂಗ್ ಮನೆತನದ ಜಹಗೀರು. ಕಂಪನಿ ಕಾನೂನು ಇಲ್ಲಿಗೆ ನೇರ ಬರಲಿಲ್ಲ. 1948ರ ಸೆಪ್ಟೆಂಬರ್ 17ರ ನಂತರ ನಾವು ಭಾರತ ಸೇರಿದ ಮೇಲೆ ಬ್ರಿಟಿಷರು ಬಿಟ್ಟುಹೋದ ಕಾನೂನು ಪುಸ್ತಕವೇ ನಮ್ಮದೂ ಆಯ್ತು. ಅದರಲ್ಲಿ ಇದ್ದದ್ದು ಇಷ್ಟೇ: ಅಪರಾಧಿಗೆ ದಂಡ ಹಾಕಿದರೆ, ನ್ಯಾಯಾಧೀಶರಿಗೆ ಸರಿ ಅನಿಸಿದರೆ, ಆ ದಂಡದಲ್ಲಿ ಒಂದಿಷ್ಟು ನೊಂದವರಿಗೆ ಕೊಡಬಹುದು. 1898ರ ಸಂಹಿತೆಯಲ್ಲಿ ಅದು 545ನೇ ಕಲಂ, 1973ರಲ್ಲಿ 357 ಆಯ್ತು. ಅಪರಾಧಿ ಸಿಗಬೇಕು, ಶಿಕ್ಷೆ ಆಗಬೇಕು, ದಂಡ ಬೀಳಬೇಕು, ಅದನ್ನು ಅವನು ಕಟ್ಟಬೇಕು.

ಆ ದಂಡ ಎಷ್ಟಿರುತ್ತೆ ಅಂತೀರಾ? ದೂರ ಹೋಗೋದು ಬೇಡ, ನವಲಿ ಇದ್ದದ್ದೂ ಅದೇ ಗಂಗಾವತಿ ತಾಲ್ಲೂಕು, ಮರಕುಂಬಿ ಇರುವುದೂ ಅದೇ. 2014ರ ಆಗಸ್ಟ್ 28ರಂದು ಮರಕುಂಬಿಯಲ್ಲಿ ದಲಿತರ ಗುಡಿಸಲುಗಳಿಗೆ ಬೆಂಕಿ ಬಿತ್ತು, ಜನರನ್ನು ಬಡಿದರು. ಜಗಳದ ಮೂಲ ಗಂಗಾವತಿಯ ಸಿನಿಮಾ ಟಾಕೀಸಿನ ಟಿಕೆಟ್ ಗಲಾಟೆ! ಹತ್ತು ವರ್ಷ ಕಳೆದು, 2024ರ ಅಕ್ಟೋಬರ್ 24ರಂದು ಕೊಪ್ಪಳದ ಜಿಲ್ಲಾ ನ್ಯಾಯಾಲಯ 101 ಜನರಿಗೆ ಶಿಕ್ಷೆ ಕೊಟ್ಟಿತು, ಅದರಲ್ಲಿ 98 ಜನರಿಗೆ ಜೀವಾವಧಿ. ದೇಶವೇ ಕೊಪ್ಪಳದ ಕಡೆ ನೋಡಿತು. ನಾವೂ ಇಡೀ ದಿನ ಓಡಿಸಿದೆವು. ಜೀವಾವಧಿ ಆದವರಿಗೆ ತಲಾ 5 ಸಾವಿರ ದಂಡ. 98 ಜನರದ್ದೂ ಕೂಡಿಸಿ, 4 ಲಕ್ಷ 90 ಸಾವಿರ. ಮುಂದಿನ ತಿಂಗಳೇ ಹೈಕೋರ್ಟಿನ ಧಾರವಾಡ ಪೀಠ ಅವರಲ್ಲಿ ಬಹುತೇಕರಿಗೆ ಜಾಮೀನು ಕೊಟ್ಟಿತು, ಮೇಲ್ಮನವಿ ಇದೆಯಲ್ಲ. ದಂಡದಿಂದ ಪರಿಹಾರ ಅಂತ ಕೂತರೆ ಗುಡಿಸಲು ಕಳೆದುಕೊಂಡವನು ಎಷ್ಟು ಮಳೆಗಾಲ ಬಯಲಲ್ಲಿ ಕೂರಬೇಕು ನೀವೇ ಹೇಳಿ.

ಮರಕುಂಬಿಯಂಥ ಪ್ರಕರಣಕ್ಕೆ ಬೇರೆ ದಾರಿ ಇದೆ. 1989ರ ದೌರ್ಜನ್ಯ ತಡೆ ಕಾಯ್ದೆ, ಅದರ ಕೆಳಗೆ 1995ರ ನಿಯಮಗಳು. ನನ್ನ ಪ್ರಕಾರ ಸ್ವತಂತ್ರ ಭಾರತದಲ್ಲಿ ಹಮ್ಮುರಬಿಯ ತರ್ಕ ಮೊದಲ ಸಲ ಕಾಗದದ ಮೇಲೆ ಪಟ್ಟಿಯಾಗಿ ಬಂದದ್ದು ಇಲ್ಲೇ. ಯಾವ ದೌರ್ಜನ್ಯಕ್ಕೆ ಎಷ್ಟು, ಯಾವ ಹಂತದಲ್ಲಿ ಎಷ್ಟು, ಎಲ್ಲ ಬರೆದಿಟ್ಟರು. ಶುರುವಿನಲ್ಲಿ ಒಂದು ಕೊಕ್ಕೆ ಇತ್ತು. ಕೊಲೆಯಾದರೆ ಮುಕ್ಕಾಲು ಭಾಗ ಮರಣೋತ್ತರ ಪರೀಕ್ಷೆಯ ನಂತರ, ಉಳಿದ ಕಾಲು ಭಾಗ ಕೋರ್ಟಿನಲ್ಲಿ ಶಿಕ್ಷೆ ಆದ ಮೇಲೆ. 2000ನೇ ಇಸವಿ ಮಾರ್ಚ್ 11ರಂದು ಚಿಂತಾಮಣಿ ತಾಲ್ಲೂಕಿನ ಕಂಬಾಲಪಲ್ಲಿಯಲ್ಲಿ ಏಳು ಜನ ದಲಿತರನ್ನು ಮನೆಯಲ್ಲಿ ಕೂಡಿಹಾಕಿ ಸುಟ್ಟರು. 2006ರಲ್ಲಿ ಆರೋಪಿಗಳೆಲ್ಲ ಖುಲಾಸೆ. 2014ರಲ್ಲಿ ಹೈಕೋರ್ಟ್ ಅದನ್ನೇ ಎತ್ತಿಹಿಡಿಯಿತು. ಹಾಗಾದರೆ ಆ ಏಳು ಜನರನ್ನು ಯಾರೂ ಸುಡಲಿಲ್ಲವೇ? ಶಿಕ್ಷೆಗೆ ಕಾಯುವ ಕಾಲು ಭಾಗ ಎಷ್ಟು ಟೊಳ್ಳು ಅಂತ ಕಂಬಾಲಪಲ್ಲಿಗಿಂತ ಚೆನ್ನಾಗಿ ಹೇಳುವ ಊರಿಲ್ಲ. 2016ರಲ್ಲಿ ನಿಯಮ ತಿದ್ದಿದರು. ಕೊಲೆಗೆ 8 ಲಕ್ಷ 25 ಸಾವಿರ. ಅರ್ಧ ಮರಣೋತ್ತರ ಪರೀಕ್ಷೆ ಆದ ಮೇಲೆ, ಇನ್ನರ್ಧ ಆರೋಪಪಟ್ಟಿ ಕೋರ್ಟಿಗೆ ಹೋದಾಗ. ಇದರ ಮೇಲೆ ತಿಂಗಳಿಗೆ 5 ಸಾವಿರ ಮೂಲ ಪಿಂಚಣಿ ಮತ್ತು ತುಟ್ಟಿಭತ್ಯೆ, ಮನೆಯ ಒಬ್ಬರಿಗೆ ಕೆಲಸ, ಭೂಮಿ, ಮನೆ, ಮಕ್ಕಳ ಓದು, ಮೂರು ತಿಂಗಳಿಗೆ ಅಕ್ಕಿ, ಗೋಧಿ, ಬೇಳೆ, ಪಾತ್ರೆ ಸಹಿತ ನಿಯಮದಲ್ಲಿದೆ. ಪಾತ್ರೆ ಅಂತ ಬರೆದವರು ಯಾರೋ ಸುಟ್ಟ ಗುಡಿಸಲ ಒಳಗೆ ನಿಂತು ನೋಡಿದವರೇ ಇರಬೇಕು. ನಮ್ಮ ಜಿಲ್ಲೆಯಲ್ಲಿ 2021ರಲ್ಲಿ ಬರಗೂರಿನಲ್ಲಿ ಪ್ರೀತಿಸಿದ ತಪ್ಪಿಗೆ ಹುಡುಗನೊಬ್ಬನ ಹತ್ಯೆಯಾಯಿತು. 2024ರ ಆಗಸ್ಟಿನಲ್ಲಿ ಯಲಬುರ್ಗಾ ಕಡೆಯ ಸಂಗನಾಳದಲ್ಲಿ ಕ್ಷೌರದಂಗಡಿಯ ಜಗಳ ಕೊಲೆಯಲ್ಲಿ ಮುಗಿಯಿತು. ಇಂಥ ಮನೆಗಳಿಗೆ ಏನು ಬರಬೇಕು ಅಂತ ಯಾರನ್ನೂ ಬೇಡಬೇಕಾಗಿಲ್ಲ, ಪಟ್ಟಿ ಇದೆ. ತಡ ಆಗುತ್ತೆ, ಅಲೆದಾಡಿಸ್ತಾರೆ, ಅದು ಬೇರೆ ಜಗಳ. ಆದರೆ ಪಟ್ಟಿ ಇದೆ.

ನಮ್ಮ ಕುರಿಗಾರನ ಮನೆ ಆ ಪಟ್ಟಿಗೆ ಬರುವುದಿಲ್ಲ, ಅವರು ಪರಿಶಿಷ್ಟರಲ್ಲ. ಅವರ ದಾರಿ ಹುಡುಕಲು ಸ್ವಲ್ಪ ಇಂಗ್ಲೆಂಡಿಗೆ ಹೋಗಿ ಬರಬೇಕು.

ಮಾರ್ಜರಿ ಫ್ರೈ ಅಂತ ಒಬ್ಬ ಮುದುಕಿ. ಬದುಕೆಲ್ಲ ಕೈದಿಗಳ ಪರ, ಗಲ್ಲು ಶಿಕ್ಷೆಯ ವಿರುದ್ಧ ಹೋರಾಡಿದವಳು. ಎಂಬತ್ತು ದಾಟಿದ ಮೇಲೆ, 1957ರಲ್ಲಿ, ‘ಅಬ್ಸರ್ವರ್’ ಪತ್ರಿಕೆಗೆ ಒಂದು ಲೇಖನ ಬರೆದಳು. ಅಪರಾಧಿಯ ಬಗ್ಗೆ ಇಷ್ಟೆಲ್ಲ ಯೋಚಿಸಿದೆವು, ಏಟು ತಿಂದವನ ಗತಿ ಏನು, ಸಮಾಜವೇ ಅವನಿಗೆ ಕಟ್ಟಿಕೊಡಬೇಕು ಅಂತ. ಮರುವರ್ಷ ತೀರಿಕೊಂಡಳು. 1963ರಲ್ಲಿ ನ್ಯೂಜಿಲೆಂಡ್ ಕಾನೂನು ಮಾಡಿತು, 1964ರಲ್ಲಿ ಬ್ರಿಟನ್ ಯೋಜನೆ ತಂದಿತು. ಕೈದಿಗಳ ಪರ ಇದ್ದವಳೇ ಈ ಮಾತು ಎತ್ತಿದಳು ಅನ್ನೋದು ನನಗೆ ಮುಖ್ಯ. ನಮ್ಮಲ್ಲಿ ಆರೋಪಿಯ ಹಕ್ಕು ಅಂದರೆ ನೊಂದವರ ವಿರೋಧಿ ಅಂತ ಸ್ಟುಡಿಯೋದಲ್ಲಿ ಕಿರುಚಾಡ್ತೀವಲ್ಲ, ಅದಕ್ಕೆ ಹೇಳಿದೆ.

ಭಾರತದಲ್ಲಿ ಮೊದಲು ಬಾಗಿಲು ತಟ್ಟಿದ್ದು ಕೋರ್ಟು. ಬಿಹಾರದಲ್ಲಿ ಖುಲಾಸೆಯಾದ ಮೇಲೂ ಹದಿನಾಲ್ಕು ವರ್ಷ ಜೈಲಲ್ಲಿ ಕೊಳೆತ ರುದುಲ್ ಸಾಹನಿಗೆ ಸುಪ್ರೀಂ ಕೋರ್ಟ್ 1983ರಲ್ಲಿ ಪರಿಹಾರ ಕೊಡಿಸಿತು. ಒಡಿಶಾದಲ್ಲಿ ಪೊಲೀಸ್ ವಶದಲ್ಲಿ ಸತ್ತ ಮಗನ ತಾಯಿ ನೀಲಾಬತಿ ಬೆಹೆರಾಗೆ 1993ರಲ್ಲಿ ಒಂದೂವರೆ ಲಕ್ಷ. ಅವೆರಡೂ ಸರ್ಕಾರವೇ ಮಾಡಿದ ತಪ್ಪುಗಳು. ಕಳ್ಳ ಮಾಡಿದ ಕೊಲೆಗೂ ಸರ್ಕಾರ ಕಟ್ಟಿಕೊಡಬೇಕು ಅಂತ ಗಟ್ಟಿಯಾಗಿ ಬರೆದವರಲ್ಲಿ ನಮ್ಮವರೊಬ್ಬರಿದ್ದಾರೆ. ಕರ್ನಾಟಕ ಹೈಕೋರ್ಟಿನ ಮುಖ್ಯ ನ್ಯಾಯಮೂರ್ತಿಯಾಗಿದ್ದ ವಿ.ಎಸ್. ಮಳಿಮಠ ಅವರು. ಅವರ ಸಮಿತಿ 2003ರಲ್ಲಿ ಕೊಟ್ಟ ವರದಿಯ ಉಳಿದ ಕೆಲವು ಶಿಫಾರಸುಗಳ ಮೇಲೆ ದೊಡ್ಡ ಜಗಳವೇ ಆಯ್ತು, ನನಗೂ ಅವೆಲ್ಲ ಒಪ್ಪಿಗೆಯಿಲ್ಲ. ಆದರೆ ಅಪರಾಧಿ ಸಿಗಲಿ ಬಿಡಲಿ, ಶಿಕ್ಷೆ ಆಗಲಿ ಬಿಡಲಿ, ನೊಂದವರಿಗೆ ಪರಿಹಾರ ಕೊಡುವುದು ಸರ್ಕಾರದ ಹೊಣೆ, ಅದಕ್ಕೊಂದು ನಿಧಿ ಬೇಕು ಅಂದದ್ದು ಬಂಗಾರದಂಥ ಮಾತು. 2008ರಲ್ಲಿ ಸಂಸತ್ತು ಕಾನೂನು ತಿದ್ದಿತು. 2009ರ ಡಿಸೆಂಬರ್ 31ರಿಂದ 357ಎ ಅನ್ನೋ ಹೊಸ ಕಲಂ ಜಾರಿಗೆ ಬಂತು. 2024ರ ಜುಲೈ 1ರಿಂದ ಹೊಸ ಸಂಹಿತೆ ಬಂದ ಮೇಲೆ ಅದೇ 396ನೇ ಕಲಂ. ಪ್ರತಿ ರಾಜ್ಯವೂ ಯೋಜನೆ ಮಾಡಬೇಕು. ಕರ್ನಾಟಕ 2011ರಲ್ಲಿ ಮಾಡಿತು.

ಆ ಕಲಮಿನ ನಾಲ್ಕನೇ ಉಪಕಲಂ ಓದುವಾಗ ನನ್ನ ಕೈ ನಡುಗಿತು ಅಂದರೆ ನಂಬಿ. ಅಪರಾಧಿ ಪತ್ತೆಯಾಗದೆ, ನೊಂದವರು ಯಾರು ಅಂತ ಗೊತ್ತಿದ್ದು, ವಿಚಾರಣೆಯೇ ನಡೆಯದಿದ್ದರೆ, ನೊಂದವರು ಅಥವಾ ಅವರ ಅವಲಂಬಿತರು ಕಾನೂನು ಸೇವಾ ಪ್ರಾಧಿಕಾರಕ್ಕೆ ನೇರ ಅರ್ಜಿ ಹಾಕಬಹುದು. ಐದನೇ ಉಪಕಲಂ, ಪ್ರಾಧಿಕಾರ ಎರಡು ತಿಂಗಳಲ್ಲಿ ವಿಚಾರಣೆ ಮುಗಿಸಿ ಸಾಕಷ್ಟು ಪರಿಹಾರ ಕೊಡಬೇಕು. ಸಿ ರಿಪೋರ್ಟಿನ ಹೆಂಡತಿಗಾಗಿಯೇ ಬರೆದಿಟ್ಟ ಹಾಗಿದೆ! ಶೌರ್ಯ ಬೇಡ, ವೀರ ಬೇಡ, ಜಾತಿ ಧರ್ಮ ಕೇಳೋದಿಲ್ಲ, ಯಾವ ಪಕ್ಷದವನು ಅಂತ ಕೇಳೋದಿಲ್ಲ. ಸತ್ತಿದ್ದಾನೆ, ಅವನನ್ನು ನಂಬಿದವರಿದ್ದಾರೆ, ಅಷ್ಟು ಸಾಕು. ವೀರಗಲ್ಲು ಮಾಡದೇ ಇದ್ದದ್ದನ್ನು ಈ ಒಂದು ಕಲಂ ಮಾಡಿತ್ತು. ನನ್ನ ಇಪ್ಪತ್ತು ವರ್ಷದ ವೃತ್ತಿಯಲ್ಲಿ ಎಷ್ಟು ಕೊಲೆ ಸುದ್ದಿ ಓದಿದ್ದೇನೋ ಲೆಕ್ಕವಿಲ್ಲ, ಈ ಕಲಂ ಬಗ್ಗೆ ಒಂದು ನಿಮಿಷದ ಸುದ್ದಿ ಮಾಡಿದ ನೆನಪಿಲ್ಲ. 2014ರಲ್ಲಿ ಹರಿಯಾಣದ ಒಂದು ಮೊಕದ್ದಮೆಯಲ್ಲಿ, ತಂದೆ ಮಗ ಇಬ್ಬರನ್ನೂ ಅಪಹರಿಸಿ ಕೊಂದಿದ್ದರು, ಸುಪ್ರೀಂ ಕೋರ್ಟ್ ಆ ಮನೆಗೆ 10 ಲಕ್ಷ ಮಧ್ಯಂತರ ಪರಿಹಾರ ಕೊಡಿಸಿ, ಈ ಕಲಮನ್ನು ಕೋರ್ಟುಗಳೂ ಬಳಸುತ್ತಿಲ್ಲ ಅಂತ ಬೇಸರ ಮಾಡಿಕೊಂಡಿತು. ಆ ದಿನ ನಮ್ಮ ಚಾನೆಲ್ಲಿನಲ್ಲಿ ಏನು ಓಡುತ್ತಿತ್ತೋ ಏನೋ.

ಏನು ಓಡುತ್ತದೆ ಅನ್ನೋದು ನಿಮಗೂ ಗೊತ್ತು. 2022ರ ಫೆಬ್ರುವರಿಯಲ್ಲಿ ಶಿವಮೊಗ್ಗದಲ್ಲಿ ಬಜರಂಗದಳದ ಯುವಕನೊಬ್ಬನ ಕೊಲೆಯಾಯಿತು. ಸರ್ಕಾರ 25 ಲಕ್ಷ ಕೊಟ್ಟಿತು. ಅದೇ ಜುಲೈ 26ರಂದು ಸುಳ್ಯ ತಾಲ್ಲೂಕಿನ ಬೆಳ್ಳಾರೆಯಲ್ಲಿ ಬಿಜೆಪಿ ಯುವ ಮೋರ್ಚಾದ ಕಾರ್ಯಕರ್ತನನ್ನು ಕೊಂದರು. ಮುಖ್ಯಮಂತ್ರಿ ಬಸವರಾಜ ಬೊಮ್ಮಾಯಿ ಮನೆಗೆ ಹೋಗಿ 25 ಲಕ್ಷದ ಚೆಕ್ ಕೊಟ್ಟರು. ಅದಕ್ಕೆ ಒಂದು ವಾರ ಮೊದಲು ಅದೇ ಬೆಳ್ಳಾರೆ ಹತ್ತಿರದ ಕಳಂಜದಲ್ಲಿ ಏಟು ತಿಂದು ಸತ್ತ ಹುಡುಗನ ಮನೆ ದೂರವಿರಲಿಲ್ಲ. ಮುಖ್ಯಮಂತ್ರಿಯ ಕಾರು ಅಲ್ಲಿಗೆ ಹೋಗಲಿಲ್ಲ. ಅವರು ದಕ್ಷಿಣ ಕನ್ನಡದಲ್ಲಿದ್ದ ದಿನವೇ ಸಂಜೆ ಸುರತ್ಕಲ್‌ನಲ್ಲಿ ಇನ್ನೊಬ್ಬ ಹುಡುಗನ ಕೊಲೆಯಾಯಿತು. ಆ ಮನೆಗೂ ಚೆಕ್ ಹೋಗಲಿಲ್ಲ. ಸರ್ಕಾರ ಬದಲಾಯಿತು. 2023ರ ಜೂನ್‌ನಲ್ಲಿ ಮುಖ್ಯಮಂತ್ರಿ ಸಿದ್ದರಾಮಯ್ಯ ಈ ಇಬ್ಬರು ಹುಡುಗರ ಮನೆಯವರನ್ನೂ, 2018ರಲ್ಲಿ ಕಾಟಿಪಳ್ಳದಲ್ಲಿ ಕೊಲೆಯಾದ ಹಿಂದೂ ಯುವಕನ ಮನೆಯವರನ್ನೂ, ಇನ್ನೂ ಕೆಲವರನ್ನೂ ಕರೆಸಿ ತಲಾ 25 ಲಕ್ಷ ಕೊಟ್ಟರು. ಬೆಳ್ಳಾರೆಯವನ ಹೆಂಡತಿಗೆ ಹಿಂದಿನ ಸರ್ಕಾರ ಗುತ್ತಿಗೆ ಆಧಾರದಲ್ಲಿ ಕೊಟ್ಟಿದ್ದ ಕೆಲಸ ಸರ್ಕಾರ ಬದಲಾದಾಗ ಹೋಯಿತು. ಗಲಾಟೆಯಾದ ಮೇಲೆ ಮತ್ತೆ ಕೊಡುತ್ತೇವೆ ಅಂದರು.

ಯಾರ ಮನೆಗೆ ಬಂದ ದುಡ್ಡನ್ನೂ ನಾನು ಹೆಚ್ಚಾಯ್ತು ಅನ್ನಲಾರೆ. ಹೆತ್ತವರ ಎದುರು ನಿಂತು ಹಾಗೆ ಅನ್ನುವ ಬಾಯಿ ಇರಬಾರದು. ನನ್ನ ಪ್ರಶ್ನೆ ಬೇರೆ. ಆಗ ನೆನಪಿಟ್ಟುಕೊಳ್ಳಿ ಅಂದಿದ್ದೆನಲ್ಲ. ಈ 25 ಲಕ್ಷ ಯಾವುದು, ಪರಿಹಾರವೋ, ನೆತ್ತರುಗೊಡಗೆಯೋ? ಕೊಡುವವನು ತನ್ನ ಗಡಿ ಕಾದವನಿಗೆ ಕೊಡುವ ಕೊಡುಗೆ ಅದು. ಒಬ್ಬ ಒಡೆಯ ತನ್ನ ವೀರನಿಗೆ ಕೊಟ್ಟ, ಇನ್ನೊಬ್ಬ ಒಡೆಯ ಬಂದು ಹಿಂದಿನವನು ಬಿಟ್ಟವರಿಗೆ ಕೊಟ್ಟ. ಎರಡನೆಯವರು ಲೆಕ್ಕ ಸರಿಮಾಡಿದರು, ಒಪ್ಪುತ್ತೇನೆ. ಆದರೆ ನಿಯಮ ಯಾವುದು? ಯಾವ ಸಾವಿಗೆ 25, ಯಾವುದಕ್ಕೆ 5, ಯಾವುದಕ್ಕೆ ಸೊನ್ನೆ ಅಂತ ಯಾವ ಕಲ್ಲಿನ ಮೇಲೆ ಬರೆದಿದೆ? ಹಳೆಯ ಒಡೆಯ ಕೊನೇಪಕ್ಷ ಕಲ್ಲಿನ ಮೇಲೆ ಬರೆಸಿದ್ದ. ಇವತ್ತಿನದು ನಮ್ಮ ಟೀವಿ ಪರದೆಯ ಕೆಳಗೆ ಓಡುವ ಪಟ್ಟಿ. ಮರುದಿನ ಅಳಿಸಿಹೋಗುತ್ತೆ.

ಆ ಪಟ್ಟಿ ಬರೆಯುವವನು ನಾನೇ. ಯಾವ ಹೆಣಕ್ಕೆ ಇಡೀ ದಿನ, ಯಾವ ಹೆಣಕ್ಕೆ ನಲವತ್ತು ಸೆಕೆಂಡ್ ಅಂತ ಬೆಳಿಗ್ಗೆ ಮೀಟಿಂಗ್‌ನಲ್ಲಿ ತೀರ್ಮಾನಿಸುವವರಲ್ಲಿ ನಾನೂ ಒಬ್ಬ. ಕುರಿಗಾರನ ಕೊಲೆ ನಮ್ಮ ಜಿಲ್ಲಾ ವರದಿಗಾರ ಕಳಿಸಿದ್ದನಂತೆ. ಹುಡುಕಿಸಿದೆ, ಸಿಕ್ಕಿತು. ‘ಜಿಲ್ಲಾ ಸುದ್ದಿ, ಬೇಡ’ ಅಂತ ಗುರುತು ಹಾಕಿತ್ತು. ಆಕೆ ಹೇಳಿದ್ದು ಅಕ್ಷರಶಃ ಸರಿ. ಮನಿಯಾವ್ರು ಟೀವ್ಯಾಗ ಬರ್ಲಿಲ್ಲ.

ಆಕೆಗೆ ಈ ಕಲಂ ಬಗ್ಗೆ ಠಾಣೆಯಲ್ಲಿ ಯಾರೂ ಹೇಳಲಿಲ್ಲ. ಸಿ ರಿಪೋರ್ಟಿನ ಪ್ರತಿ ಕೊಡುವಾಗಲೂ ಹೇಳಲಿಲ್ಲ. ಪರಿಚಯದ ವಕೀಲರೊಬ್ಬರನ್ನು ಕೇಳಿದಾಗ ಅವರು ನಕ್ಕರು, ‘ಇದಕ್ಕೆ ನಾನು ಯಾಕೆ, ಗಂಗಾವತಿ ಕೋರ್ಟ್ ಆವರಣದಲ್ಲೇ ತಾಲ್ಲೂಕು ಕಾನೂನು ಸೇವಾ ಸಮಿತಿ ಇದೆ, ಅಲ್ಲಿಗೆ ಕಳಿಸಿ.’ ಹೆಣ್ಣುಮಕ್ಕಳಿಗೆ ಆದಾಯ ಎಷ್ಟೇ ಇರಲಿ, ಅಲ್ಲಿ ವಕೀಲರ ಸಹಾಯ ಪುಕ್ಕಟೆ. 1987ರ ಕಾಯ್ದೆಯೇ ಹಾಗೆ ಹೇಳುತ್ತೆ. ಫೋನ್ ಮಾಡುವುದಾದರೆ 15100. ಬರೆದಿಟ್ಟುಕೊಳ್ಳಿ, ನಿಮ್ಮ ಓಣಿಯಲ್ಲಿ ಯಾರಿಗಾದರೂ ಬೇಕಾದೀತು. ಎಫ್‌ಐಆರ್ ಪ್ರತಿ, ಮರಣೋತ್ತರ ಪರೀಕ್ಷೆ ವರದಿ, ಮರಣ ಪ್ರಮಾಣಪತ್ರ, ವಂಶವೃಕ್ಷ, ಆಧಾರ್, ಪಾಸ್‌ಬುಕ್. ನನ್ನ ಮಾವನ ಮಗ ಎರಡು ಸಲ ಬೈಕಿನಲ್ಲಿ ಗಂಗಾವತಿಗೆ ಕರೆದುಕೊಂಡು ಹೋದ. ಅರ್ಜಿ ಹಾಕಲು ತಡವಾಗಿತ್ತು. ತಡವಾದದ್ದನ್ನು ಮನ್ನಿಸಿ ಅಂತ ಇನ್ನೊಂದು ಕಾಗದ ಸೇರಿಸಿದರು. ತಡ ಯಾಕಾಯಿತು ಅನ್ನುವ ಜಾಗದಲ್ಲಿ ಏನು ಬರೆಯಲಿ ಅಂತ ಅಲ್ಲಿಯವರು ಕೇಳಿದ್ದಕ್ಕೆ ಆಕೆ, ‘ಗೊತ್ತಿದ್ದಿಲ್ಲ ಅಂತ ಬರೀರಿ’ ಅಂದಳಂತೆ.

ಸ್ವೀಕೃತಿ ಚೀಟಿಯನ್ನು ಕುರಿಗಳ ವಿಮೆ ಕಾಗದ ಇಟ್ಟಿದ್ದ ತಗಡಿನ ಡಬ್ಬಿಯಲ್ಲೇ ಇಟ್ಟಿದ್ದಾಳೆ. ಮೊನ್ನೆ ಫೋನ್ ಬಂತು. ವಿಚಾರಣೆಗೆ ಕೊಪ್ಪಳಕ್ಕೆ ಬರಲು ಹೇಳಿದ್ದಾರಂತೆ.

‘ತಮ್ಮಾ, ನೀ ಬರ್ತಿಯೇನು? ಕ್ಯಾಮೆರಾ ತಂದ್ರ ಲಗೂ ಕೊಡ್ತಾರಂತ ಮಂದಿ ಅಂತಾರ.’

‘ಬ್ಯಾಡ ಯಕ್ಕಾ,’ ಅಂದೆ. ‘ಪಾಸ್‌ಬುಕ್ ಮರೀಬ್ಯಾಡ.’